ತೆರಿಗೆ ಮರುಪಾವತಿ ತಡವಾದರೆ ಬೆಳೆಗಾರರು ಏನು ಮಾಡಬೇಕು?



ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ನಮ್ಮಲ್ಲಿದೆ. ಆದಾಯ ತೆರಿಗೆಯ ಮರುಪಾವತಿಗೆ ಕಾಯುತ್ತಿರುವ ಸದಸ್ಯರು ಈ ಮಾತನ್ನು ಆಗಾಗ ಆಡುತ್ತಾರೆ. ಆದರೆ ಎಷ್ಟೋ ಸಲ ತಡೆ ಇರುವುದು ಪೂಜಾರಿಯಲ್ಲಲ್ಲ, ನಾವು ಕೊಟ್ಟ ಕಾಗದದಲ್ಲಿ. ಯಾವ ತಡ ಸಹಜವಾದುದು, ಯಾವ ತಡವನ್ನು ನಾವೇ ಸರಿಪಡಿಸಬಹುದು, ಹಣ ಬರುವವರೆಗೆ ತೋಟದ ಖರ್ಚನ್ನು ಹೇಗೆ ತೂಗಿಸಬೇಕು ಎಂಬುದೇ ಈ ಪಾಠದ ವಿಷಯ.

ತೋಟದವನಿಗೆ ಎಲ್ಲಿಯ ತೆರಿಗೆ?

ಅಡಿಕೆಯ ಆದಾಯ ಕೃಷಿ ಆದಾಯ. ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಕಾಫಿಯನ್ನು ಹದಮಾಡದೆ ಮಾರಿದರೂ ಹಾಗೆಯೇ. ತಾನೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದರೆ ಮಾತ್ರ, 1962ರ ನಿಯಮಗಳ 7ಬಿ ಪ್ರಕಾರ, ಆದಾಯದ ನೂರಕ್ಕೆ 25 ಭಾಗ ವ್ಯಾಪಾರದ ಆದಾಯವೆನಿಸುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ 40 ಭಾಗ.

ಹಾಗಾದರೆ ಮರುಪಾವತಿ ಎಲ್ಲಿಂದ ಬಂತು? ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣಕ್ಕೆ, ದಾಬಸ್‌ಪೇಟೆ ಮತ್ತು ದೊಡ್ಡಬಳ್ಳಾಪುರದಲ್ಲಿ ಕೈಗಾರಿಕೆಗಳಿಗೆ, ಹೊಸಕೋಟೆಯಲ್ಲಿ ಹೆದ್ದಾರಿಗೆ ಜಮೀನು ಹೋಯಿತು. ಪರಿಹಾರದ ಹಣವನ್ನು ಅನೇಕರು ಬ್ಯಾಂಕಿನಲ್ಲಿ ಮುದ್ದತು ಠೇವಣಿ ಇಟ್ಟರು. ಠೇವಣಿಯ ಬಡ್ಡಿ ಕೃಷಿ ಆದಾಯವಲ್ಲ. ಅದು ಗೊತ್ತಾದ ಮಿತಿ ದಾಟಿದೊಡನೆ ಬ್ಯಾಂಕು ನೂರಕ್ಕೆ 10ರಂತೆ ಮೂಲದಲ್ಲೇ ತೆರಿಗೆ ಹಿಡಿಯುತ್ತದೆ. ಪ್ಯಾನ್ ಸಂಖ್ಯೆ ಕೊಡದಿದ್ದರೆ 20. ಇದೇ ಟಿ.ಡಿ.ಎಸ್. ವರ್ಷದ ಕೊನೆಗೆ ನಮ್ಮ ತೆರಿಗೆ ಏನೂ ಇಲ್ಲವೆಂದಾದರೆ ಆ ಹಣ ನಮ್ಮದೇ. ಆದರೆ ರಿಟರ್ನ್ ಸಲ್ಲಿಸಿ ಕೇಳದ ಹೊರತು ಅದು ತಾನಾಗಿ ಬರುವುದಿಲ್ಲ.

ಪರಿಹಾರದ ಹಣದಲ್ಲೇ ಕಡಿತವಾಗಿದ್ದರೆ, ಜಮೀನನ್ನು ಯಾವ ಕಾಯ್ದೆಯಡಿ ತೆಗೆದುಕೊಂಡರೆಂದು ಅವಾರ್ಡ್ ಪ್ರತಿಯಲ್ಲಿ ನೋಡಿರಿ. 2013ರ ಭೂಸ್ವಾಧೀನ ಕಾಯ್ದೆಯ ಅವಾರ್ಡಿಗೆ ಅದರ 96ನೇ ಕಲಮಿನಂತೆ ಆದಾಯ ತೆರಿಗೆ ಇಲ್ಲ. 2016ರ ಅಕ್ಟೋಬರ್ 25ರ 36ನೇ ಸುತ್ತೋಲೆಯೂ ಇದನ್ನೇ ಸ್ಪಷ್ಟಪಡಿಸಿದೆ. ಬೇರೆ ಕಾಯ್ದೆಯಡಿ ಹೋಗಿದ್ದರೆ ತಿಳಿದವರ ಸಲಹೆ ಪಡೆದೇ ಮುಂದುವರಿಯತಕ್ಕದ್ದು.

ಎಷ್ಟು ದಿನ ಕಾಯುವುದು ಸಹಜ?

ದೇಶದ ರಿಟರ್ನುಗಳ ಪರಿಶೀಲನೆ ನಡೆಯುವ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಹತ್ತಿರವಿದೆಯೆಂದು ಬಸ್ ಹತ್ತಿ ಹೋಗಿ ಪ್ರಯೋಜನವಿಲ್ಲ. ಖುದ್ದಾಗಿ ಬಂದವರನ್ನು ಕಾಣುವ ಪದ್ಧತಿ ಅಲ್ಲಿಲ್ಲ. ಎಲ್ಲವೂ ಕಂಪ್ಯೂಟರ್ ಮೂಲಕ.

ಕೆಲವರಿಗೆ ಕೆಲವೇ ವಾರಗಳಲ್ಲಿ ಹಣ ಬರುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. 1961ರ ಕಾಯ್ದೆ ಇಲಾಖೆಗೆ ಕೊಟ್ಟಿರುವ ಗಡುವು, ರಿಟರ್ನ್ ಸಲ್ಲಿಸಿದ ಆರ್ಥಿಕ ವರ್ಷ ಮುಗಿದ ಮೇಲೆ 9 ತಿಂಗಳು. ಅಂದರೆ 2025ರ ಜುಲೈಯಲ್ಲಿ ಸಲ್ಲಿಸಿದ್ದಕ್ಕೆ 2026ರ ಡಿಸೆಂಬರ್ 31ರವರೆಗೆ ಕಾಲಾವಕಾಶವಿದೆ. ಆದುದರಿಂದ ನೆರೆಯವನಿಗೆ ಬಂದು ನಮಗೆ ಬಾರದಿದ್ದ ಮಾತ್ರಕ್ಕೆ ಹಣ ಮುಳುಗಿತೆಂದು ತಿಳಿಯಬಾರದು.

ತಡಕ್ಕೆ ಬಡ್ಡಿಯೂ ಉಂಟು. ಒಂದು ಉದಾಹರಣೆ ನೋಡೋಣ. ಒಬ್ಬ ಬೆಳೆಗಾರರಿಗೆ 2024-25ರಲ್ಲಿ ಠೇವಣಿ ಬಡ್ಡಿ 1,80,000 ರೂ. ಬಂತು. ಬ್ಯಾಂಕು 18,000 ರೂ. ಹಿಡಿಯಿತು. ಉಳಿದುದೆಲ್ಲ ಅಡಿಕೆಯ ಆದಾಯ. ಬಡ್ಡಿ ಮೂಲ ವಿನಾಯಿತಿ ಮಿತಿಯೊಳಗೇ ಇರುವುದರಿಂದ 18,000 ರೂ. ಪೂರ್ತಿ ವಾಪಸು ಬರಬೇಕು. ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದರೆ 2025ರ ಏಪ್ರಿಲ್ 1ರಿಂದ ತಿಂಗಳಿಗೆ ನೂರಕ್ಕೆ ಅರ್ಧ ರೂಪಾಯಿ, ಅಂದರೆ 90 ರೂ. ಬಡ್ಡಿ ಸೇರುತ್ತದೆ. ಹಣ ನವೆಂಬರಿನಲ್ಲಿ ಬಂದರೆ 8 ತಿಂಗಳಿಗೆ 720 ರೂ. ರಿಟರ್ನ್ ತಡವಾಗಿ ಸಲ್ಲಿಸಿದವರಿಗೆ ಸಲ್ಲಿಸಿದ ದಿನದಿಂದ ಮಾತ್ರ ಬಡ್ಡಿ. ಈ ಬಡ್ಡಿಯನ್ನು ಮುಂದಿನ ರಿಟರ್ನಿನಲ್ಲಿ ಆದಾಯವೆಂದು ತೋರಿಸತಕ್ಕದ್ದು.

ನಮ್ಮ ಕಡೆಯಿಂದ ಆಗುವ ತಡೆಗಳು

1. ನಮೂನೆಯ ತಪ್ಪು. ಕೃಷಿ ಆದಾಯ 5,000 ರೂ. ದಾಟಿದವರು ಐ.ಟಿ.ಆರ್.-1 ಸಲ್ಲಿಸುವಂತಿಲ್ಲ. ವ್ಯಾಪಾರದ ಆದಾಯವಿಲ್ಲದವರಿಗೆ ಐ.ಟಿ.ಆರ್.-2. ನಿವ್ವಳ ಕೃಷಿ ಆದಾಯ 5 ಲಕ್ಷ ದಾಟಿದರೆ ಜಮೀನಿನ ವಿಸ್ತೀರ್ಣ, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯೋ ಖುಷ್ಕಿಯೋ ಎಂಬ ವಿವರವೂ ಬೇಕು. ತೆರಿಗೆ ಇಲ್ಲವಲ್ಲ ಎಂದು ಅಡಿಕೆ ಆದಾಯವನ್ನು ಬರೆಯದೇ ಬಿಡಬೇಡಿರಿ. ಇತರ ಆದಾಯ ವಿನಾಯಿತಿ ಮಿತಿ ದಾಟಿದಾಗ ತೆರಿಗೆಯ ದರ ಗೊತ್ತುಮಾಡಲು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

2. ದೃಢೀಕರಣ. ರಿಟರ್ನ್ ಸಲ್ಲಿಸಿದ 30 ದಿನದೊಳಗೆ ಆಧಾರ್ ಮೂಲಕವೋ ಸಹಿ ಹಾಕಿದ ಕಾಗದದ ಮೂಲಕವೋ ದೃಢೀಕರಿಸಬೇಕು. ಇಲ್ಲವಾದರೆ ಕೆಲಸ ಮುಂದೆ ಸಾಗುವುದಿಲ್ಲ.

3. ಬ್ಯಾಂಕ್ ಖಾತೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹಳೆಯ ಪಾಸ್‌ಬುಕ್ ನೋಡಿ ಹಳೆಯ ಐ.ಎಫ್.ಎಸ್.ಸಿ. ಸಂಕೇತ ಬರೆದರೆ ಹಣ ತಲುಪುವುದಿಲ್ಲ. ಖಾತೆಯನ್ನು ಇಲಾಖೆಯ ಜಾಲತಾಣದಲ್ಲಿ ಮೊದಲೇ ಊರ್ಜಿತಗೊಳಿಸಿರಬೇಕು. ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಇದ್ದು ಪಾಸ್‌ಬುಕ್ಕಿನಲ್ಲಿ ಇಲ್ಲದಿದ್ದರೂ ತೊಡಕಾಗುತ್ತದೆ. ಹಣ ಹಿಂದಿರುಗಿ ಹೋಗಿದ್ದರೆ ಖಾತೆ ಸರಿಪಡಿಸಿ ಮರುಬಿಡುಗಡೆಗೆ ಕೋರಿಕೆ ಹಾಕಿರಿ.

4. ಪ್ಯಾನ್-ಆಧಾರ್ ಜೋಡಣೆ. ಜೋಡಿಸಬೇಕಾಗಿದ್ದೂ ಜೋಡಿಸದ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯ. ಅದು ಮತ್ತೆ ಸಕ್ರಿಯವಾಗುವವರೆಗೆ ಮರುಪಾವತಿಯೂ ಇಲ್ಲ, ಆ ಅವಧಿಯ ಬಡ್ಡಿಯೂ ಇಲ್ಲ.

5. ಕಡಿತ ಲೆಕ್ಕಕ್ಕೆ ಬಾರದಿರುವುದು. ಹಿಡಿದ ತೆರಿಗೆ 26ಎ.ಎಸ್. ಪಟ್ಟಿಯಲ್ಲಿ ನಮ್ಮ ಹೆಸರಿನಲ್ಲಿ ಕಾಣಬೇಕು. ಅಣ್ಣತಮ್ಮಂದಿರ ಜಂಟಿ ಠೇವಣಿಯಲ್ಲಿ ಕಡಿತವೆಲ್ಲ ಹಿರಿಯಣ್ಣನ ಪ್ಯಾನಿಗೆ ಹೋಗಿರುವುದುಂಟು. ಹಾಗಾಗಿದ್ದರೆ ಹಿಡಿದವರಿಗೇ ಬರೆದುಕೊಟ್ಟು ತಿದ್ದಿಸಬೇಕು. ತಂದೆಯವರು ತೀರಿಕೊಂಡಿದ್ದರೆ ಕಾನೂನುಬದ್ಧ ವಾರಸುದಾರರಾಗಿ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಅವರ ರಿಟರ್ನ್ ಸಲ್ಲಿಸಬಹುದು.

6. ಹಳೆಯ ಬಾಕಿ. ಹಿಂದಿನ ವರ್ಷದ ತೆರಿಗೆ ಬಾಕಿಗೆ ಮರುಪಾವತಿಯನ್ನು ವಜಾ ಹಾಕಿಕೊಳ್ಳುವ ಮುನ್ನ ತಿಳುವಳಿಕೆ ಪತ್ರ ಬರುತ್ತದೆ. ಬಾಕಿ ಸುಳ್ಳಾಗಿದ್ದರೆ ಗಡುವಿನೊಳಗೆ ಉತ್ತರಿಸಿರಿ.

ಇವೆಲ್ಲ ಸರಿಯಿದ್ದೂ ಹಣ ಬಾರದಿದ್ದರೆ ಜಾಲತಾಣದ ಕುಂದುಕೊರತೆ ವಿಭಾಗದಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ರಿಟರ್ನನ್ನೇ ಹಾಕಲು ಮರೆತವರೂ ಆಸೆ ಬಿಡಬೇಕಾಗಿಲ್ಲ. 2024ರ ಅಕ್ಟೋಬರ್ 1ರ 11ನೇ ಸುತ್ತೋಲೆಯಂತೆ, ನಿಜವಾದ ಅಡಚಣೆಯಿಂದ ತಡವಾಗಿದ್ದರೆ, ಕರನಿರ್ಧಾರಣೆ ವರ್ಷ ಮುಗಿದ 5 ವರ್ಷದೊಳಗೆ ಮನ್ನಿಸುವಂತೆ ಅರ್ಜಿ ಹಾಕಬಹುದು.

ಹಣ ಬರುವವರೆಗೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಬೆಳೆಗಾರರು ಕಾಫಿಯನ್ನು ಪೂಲಿಗೆ ಒಪ್ಪಿಸಿ ಹಣವನ್ನು ಕಂತು ಕಂತಾಗಿ ಪಡೆಯುತ್ತಿದ್ದರು. 1996ರಲ್ಲಿ ಆ ಪದ್ಧತಿ ಮುಗಿಯಿತು. ಕೈಗೆ ಬಂದ ಕಂತಿನಲ್ಲಿ ಮಾತ್ರ ತೋಟ ನಡೆಸಿ, ಬರುವುದನ್ನು ಬಂದಾಗ ನೋಡೋಣ ಎಂದವರು ಆಗ ಸಾಲಕ್ಕೆ ಸಿಕ್ಕಲಿಲ್ಲ. ನಮಗೂ ಅದೇ ದಾರಿ. ಗೊಬ್ಬರ, ಕೊನೆ ಕೊಯ್ಲು, ಕೂಲಿ ಇವುಗಳ ಲೆಕ್ಕದಲ್ಲಿ ಮರುಪಾವತಿಯನ್ನು ಸೇರಿಸಬೇಡಿರಿ.

ಅದನ್ನು ನಂಬಿ ಕೈಸಾಲ ಮಾಡುವುದಂತೂ ಕೂಡದು. ನೂರಕ್ಕೆ ಮೂರರ ಬಡ್ಡಿಗೆ 18,000 ತಂದರೆ ತಿಂಗಳಿಗೆ 540 ರೂ. ಹೋಗುತ್ತದೆ. ಸರ್ಕಾರ ಕೊಡುವುದು 90. ಹಾಗೆಯೇ ಬಡ್ಡಿರಹಿತ ಬೆಳೆಸಾಲದ ಕಂತನ್ನು ಮರುಪಾವತಿ ಬಂದ ಮೇಲೆ ಕಟ್ಟೋಣವೆಂದು ತಳ್ಳಬಾರದು. ವಾಯಿದೆ ತಪ್ಪಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ. ಹದಿನೆಂಟು ಸಾವಿರಕ್ಕಾಗಿ ಲಕ್ಷಗಳ ಸಾಲಕ್ಕೆ ಬಡ್ಡಿ ಬಿದ್ದೀತು.

ಮರುಪಾವತಿ ಹೆಚ್ಚು ಕೊಡಿಸುತ್ತೇನೆಂದು ಸುಳ್ಳು ಕಡಿತ ತೋರಿಸುವ ದಲ್ಲಾಳಿಗಳನ್ನು ದೂರವಿಡಿರಿ. ಸಹಿ ನಿಮ್ಮದು, ದಂಡವೂ ನಿಮಗೇ. ಹಣ ಬಂದಿದೆ, ಓ.ಟಿ.ಪಿ. ಹೇಳಿ ಎಂದು ಫೋನು ಬಂದರೆ ಅದು ಮೋಸ.

ಮುಂದಿನ ವರ್ಷ ಕಾಯುವುದೇ ಬೇಡವೆಂದರೆ, ತೆರಿಗೆ ಬೀಳದವರು ವರ್ಷಾರಂಭದಲ್ಲೇ ಬ್ಯಾಂಕಿಗೆ ಸ್ವಯಂಘೋಷಣೆ ಕೊಡಬಹುದು. ಇದು 15ಜಿ ಎಂದೂ, 60 ತುಂಬಿದವರಿಗೆ 15ಎಚ್ ಎಂದೂ ಹೆಸರಾದ ನಮೂನೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನಾಂಕ 2026ರ ಏಪ್ರಿಲ್ 1. ಆ ಬಳಿಕದ ವರ್ಷಗಳಿಗೆ ನಮೂನೆ, ಕಲಮುಗಳ ಸಂಖ್ಯೆಯನ್ನು ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಿರಿ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಠೇವಣಿಯ ಬಡ್ಡಿಯಲ್ಲಿ ಕಳೆದ ವರ್ಷ ಎಷ್ಟು ತೆರಿಗೆ ಹಿಡಿದಿದ್ದಾರೆ? ಅದು ಯಾರ ಪ್ಯಾನಿನಲ್ಲಿದೆ?
2. ಪಾಸ್‌ಬುಕ್, ಪ್ಯಾನ್, ಆಧಾರ್ ಮೂರರಲ್ಲೂ ನಿಮ್ಮ ಹೆಸರು ಒಂದೇ ರೀತಿ ಇದೆಯೇ?
3. ಮರುಪಾವತಿ ಈ ವರ್ಷ ಬಾರದೇ ಹೋದರೂ ಮುಂದಿನ ಕೊಯ್ಲಿನವರೆಗೆ ನಿಮ್ಮ ತೋಟ ನಡೆಯುತ್ತದೆಯೇ?

ಮೂರನೆಯದಕ್ಕೆ ಹೌದು ಎನ್ನಬಲ್ಲವರು ನಿಶ್ಚಿಂತೆಯಿಂದ ಕಾಯಬಹುದು.