ಆಂಪ್ ಇಲ್ಲದ ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್

ಪ್ರಶ್ನೆ: ನನಗೆ 36 ವರ್ಷ. ಹುಬ್ಬಳ್ಳಿಯ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಕಾಲೇಜಿನಲ್ಲಿ ಅಕೌಸ್ಟಿಕ್ ಗಿಟಾರ್ ನುಡಿಸುತ್ತಿದ್ದೆ. ಕಳೆದ ದೀಪಾವಳಿಯ ಬೋನಸ್ಸಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೊಂಡೆ. ಬಾಡಿಗೆ ಮನೆ, ಕೆಳಗೆ ಮಾಲೀಕರು, ಒಳಗೆ ಎರಡು ವರ್ಷದ ಮಗಳು. ಹಾಗಾಗಿ ಆಂಪ್ ತರಲಿಲ್ಲ. ಕಂಪ್ಯೂಟರಿನಲ್ಲೇ ಎಲ್ಲ ಆಂಪ್‌ಗಳ ಸದ್ದೂ ಸಿಗುತ್ತದೆ ಎಂದು ಗೆಳೆಯನೊಬ್ಬ ಪೆನ್‌ಡ್ರೈವಿನಲ್ಲಿ ಐದಾರು ಸಾಫ್ಟ್‌ವೇರ್‌ಗಳ ಕ್ರ್ಯಾಕ್ ಮಾಡಿದ ಪ್ರತಿಗಳನ್ನು ಕೊಟ್ಟ. ಗಿಟಾರ್ ಕೇಬಲ್ಲಿಗೆ ಕನ್ವರ್ಟರ್ ಪಿನ್ ಸಿಕ್ಕಿಸಿ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಹಾಕಿದೆ. ಮೀಟಿದ ಎಷ್ಟೋ ಹೊತ್ತಿನ ಮೇಲೆ ಸದ್ದು ಬರುತ್ತದೆ. ಅದೂ ಡಬ್ಬದೊಳಗೆ ಜೇನ್ನೊಣ ಸಿಕ್ಕಿಕೊಂಡ ಹಾಗೆ. ಜೊತೆಗೆ ಗುಂಯ್ ಎನ್ನುವ ಶಬ್ದ ಬೇರೆ. ಹೊಸ ಲ್ಯಾಪ್‌ಟಾಪ್ ಬೇಕೇ? ಗಿಟಾರೇ ಕಳಪೆಯೇ? ಆಂಪ್ ಇಲ್ಲದೆ ಕಲಿತರೆ ಅದು ಕಲಿಕೆಯೇ ಅಲ್ಲ ಎಂದು ಇನ್ನೊಬ್ಬ ಗೆಳೆಯ ಹೇಳುತ್ತಾನೆ. ಇಷ್ಟು ಖರ್ಚು ಮಾಡಿ ಗಿಟಾರ್ ಮೂಲೆ ಸೇರಿತು ಎಂದು ಮನೆಯವರ ಮುಂದೆ ಒಪ್ಪಿಕೊಳ್ಳಲು ನಾಚಿಕೆ. ಏನು ಮಾಡಲಿ?

ಉತ್ತರ: ಲ್ಯಾಪ್‌ಟಾಪ್ ಬದಲಿಸಬೇಡಿ. ಗಿಟಾರ್ ಮಾರಬೇಡಿ. ಪೆನ್‌ಡ್ರೈವಿನಿಂದ ಹಾಕಿಕೊಂಡದ್ದನ್ನೆಲ್ಲ ಇಂದೇ ತೆಗೆಯಿರಿ, ಆಮೇಲೆ ಒಮ್ಮೆ ವೈರಸ್ ಸ್ಕ್ಯಾನ್ ಓಡಿಸಿ. ಲೆಕ್ಕಪತ್ರದವರು ನೀವು, ಬ್ಯಾಂಕಿನ ಪಾಸ್‌ವರ್ಡ್ ಇರುವ ಯಂತ್ರದಲ್ಲಿ ಯಾರೋ ಬೀಗ ಒಡೆದು ಕೊಟ್ಟ ಪ್ರೋಗ್ರಾಂ ಕೂತಿರುವುದು ಸರಿಯಲ್ಲ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಇವತ್ತು ಆಂಪಿನ ಸದ್ದನ್ನು ಅನುಕರಿಸುವ ಒಳ್ಳೆಯ ಆಂಪ್ ಮಾಡೆಲಿಂಗ್ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುವಾಗ ಕದ್ದದ್ದನ್ನು ಬಳಸಲು ಕಾರಣವೂ ಇಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಮೈಕ್ ತೂತಿನ ಕಥೆ ಮುಗಿಸೋಣ, ಏಕೆಂದರೆ ನಿಮ್ಮ ಸಂಕಟದ ಬಹುಪಾಲು ಅಲ್ಲೇ ಇದೆ.

ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತೆಳು ತಾಮ್ರದ ತಂತಿ. ಅದರಿಂದ ಹೊರಡುವ ವಿದ್ಯುತ್ ಸಂಕೇತ ತೀರ ಬಡಕಲು. ಅದನ್ನು ಹಿಡಿಯುವ ಕಡೆ ಪ್ರತಿರೋಧ ಬಹಳ ಹೆಚ್ಚಿರಬೇಕು, ಸುಮಾರು 10 ಲಕ್ಷ ಓಮ್, ಅಂದರೆ ಒಂದು ಮೆಗಾಓಮ್. ಆಂಪ್‌ಗಳ ಇನ್‌ಪುಟ್ ಇರುವುದು ಹಾಗೆಯೇ. ಲ್ಯಾಪ್‌ಟಾಪಿನ ಮೈಕ್ ತೂತು ಇರುವುದು ಕೆಲವೇ ಸಾವಿರ ಓಮ್‌ಗಳಲ್ಲಿ. ಅಲ್ಲಿಗೆ ಗಿಟಾರ್ ಸಿಕ್ಕಿಸಿದರೆ ಪಿಕಪ್ಪಿನ ಮೇಲೆ ಹೊರೆ ಬಿದ್ದು, ಸದ್ದಿನ ಮೇಲಂಚಿನ ಹೊಳಪೆಲ್ಲ ಅಲ್ಲೇ ಇಂಗಿಹೋಗುತ್ತದೆ. ಸಾಲದ್ದಕ್ಕೆ ವಿಡಿಯೊ ಕರೆಗಳಲ್ಲಿ ಫ್ಯಾನಿನ ಸದ್ದು ಅಡಗಿಸಲೆಂದು ಅನೇಕ ಲ್ಯಾಪ್‌ಟಾಪ್‌ಗಳು ಮೈಕಿಗೆ ಒಂದು ಶೋಧಕ ಹಾಕಿರುತ್ತವೆ. ಮಾತಲ್ಲದ್ದನ್ನು ಗದ್ದಲ ಎಂದು ತಿಳಿಯುವ ಆ ಶೋಧಕ ನಿಮ್ಮ ಗಿಟಾರನ್ನೂ ಗದ್ದಲವೆಂದೇ ಭಾವಿಸಿ ಅಮುಕುತ್ತದೆ. ನೀವು ನಾದ ಎಳೆದಷ್ಟೂ ಅದು ಕತ್ತರಿಸುತ್ತದೆ.

ಹಾಗಾಗಿ ನಿಮ್ಮ ಹಣ ಹೋಗಬೇಕಾದ್ದು ಒಂದೇ ವಸ್ತುವಿಗೆ: ಯುಎಸ್‌ಬಿ ಆಡಿಯೊ ಇಂಟರ್‌ಫೇಸ್. ಅಂಗೈಗಿಂತ ತುಸು ದೊಡ್ಡ ಪೆಟ್ಟಿಗೆ. ಒಂದು ಕಡೆ ಗಿಟಾರ್, ಇನ್ನೊಂದು ಕಡೆ ಹೆಡ್‌ಫೋನ್, ಹಿಂದಿನಿಂದ ಲ್ಯಾಪ್‌ಟಾಪಿಗೆ ಕೇಬಲ್. ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ ಸೋಲೋ ಹೊಸಬರು ಹೆಚ್ಚಾಗಿ ಕೊಳ್ಳುವಂಥದ್ದು. ಬಳಸಿದ್ದು ಸಿಕ್ಕರೂ ಆದೀತು, ಇದರಲ್ಲಿ ಸವೆಯುವ ಭಾಗ ಕಡಿಮೆ. ಕೊಳ್ಳುವಾಗ ನೋಡಬೇಕಾದ್ದು ಎರಡೇ. ವಾದ್ಯಕ್ಕೆಂದೇ ಒಂದು ಇನ್‌ಪುಟ್ ಇರಬೇಕು. ಕೆಲವದರಲ್ಲಿ ‘ಇನ್‌ಸ್ಟ್’ ಎಂಬ ಗುಂಡಿ ಇರುತ್ತದೆ, ಅದನ್ನು ಒತ್ತಲು ಮರೆತರೆ ಮತ್ತೆ ಅದೇ ಮಂಕು ಸದ್ದು. ಎರಡನೆಯದು, ನಿಮ್ಮ ವಿಂಡೋಸಿಗೆ ಅದರ ತಯಾರಕರೇ ಕೊಟ್ಟ ಆಸಿಯೊ ಡ್ರೈವರ್ ಇರಬೇಕು. ಒಂದು ತುದಿಯಲ್ಲಿ ಗಿಟಾರ್ ಪಿನ್, ಇನ್ನೊಂದು ತುದಿಯಲ್ಲಿ ಯುಎಸ್‌ಬಿ ಇರುವ ಅಗ್ಗದ ಕೇಬಲ್ ಅಂಗಡಿಯವರು ತೋರಿಸಬಹುದು. ಬೇಡ ಅನ್ನಿ.

ತಡವಾಗಿ ಬರುವ ಸದ್ದಿನ ಗುಟ್ಟು ಈ ಡ್ರೈವರಿನಲ್ಲೇ ಇದೆ. ವಿಂಡೋಸಿನ ಮಾಮೂಲು ಧ್ವನಿವ್ಯವಸ್ಥೆ ರೂಪುಗೊಂಡಿರುವುದು ಸಿನಿಮಾ ನೋಡುವುದಕ್ಕೆ, ಹಾಡು ಕೇಳುವುದಕ್ಕೆ. ಅಲ್ಲಿ ಸದ್ದು ಕ್ಷಣಕಾಲ ತಡವಾದರೂ ಯಾರಿಗೂ ತಿಳಿಯುವುದಿಲ್ಲ. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಆಸಿಯೊ ಆ ಸುತ್ತುದಾರಿಯನ್ನು ಬಿಟ್ಟು ಸಾಫ್ಟ್‌ವೇರನ್ನೂ ಇಂಟರ್‌ಫೇಸನ್ನೂ ನೇರ ಜೋಡಿಸುತ್ತದೆ. ಸಾಫ್ಟ್‌ವೇರಿನ ಆಡಿಯೊ ಸೆಟ್ಟಿಂಗಿಗೆ ಹೋಗಿ ಆಸಿಯೊ ಆರಿಸಿ, ಪಕ್ಕದಲ್ಲೇ ‘ಬಫರ್’ ಎಂಬ ಸಂಖ್ಯೆ ಕಾಣುತ್ತದೆ. ಕಂಪ್ಯೂಟರ್ ಸದ್ದನ್ನು ಚೂರು ಚೂರಾಗಿ ತೆಗೆದುಕೊಳ್ಳುತ್ತದೆ. ಒಂದು ಚೂರು ಎಷ್ಟು ದೊಡ್ಡದು ಎಂಬುದೇ ಬಫರ್. ಸೆಕೆಂಡಿಗೆ 48,000 ಮಾದರಿಗಳ ವೇಗದಲ್ಲಿ 1024ರ ಬಫರ್ ಎಂದರೆ ಒಂದು ದಿಕ್ಕಿಗೇ ಸುಮಾರು 21 ಮಿಲಿಸೆಕೆಂಡ್ ತಡ, ಒಳಬಂದು ಹೊರಹೋಗಲು ಅದರ ದುಪ್ಪಟ್ಟು. 128ಕ್ಕೆ ಇಳಿಸಿದರೆ ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್. ಇಂಟರ್‌ಫೇಸಿನ ತನ್ನ ಪಾಲು ಸೇರಿದರೂ ಒಟ್ಟು 10ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಹೆಚ್ಚುಕಡಿಮೆ 3 ಮಿಲಿಸೆಕೆಂಡ್ ಬೇಕು. ವೇದಿಕೆಯ ಮೇಲೆ ಆಂಪಿನಿಂದ ಮೂರು ಮೀಟರ್ ಆಚೆ ನಿಂತ ಗಿಟಾರ್ ವಾದಕನಿಗೂ ಅಷ್ಟೇ ತಡವಾಗಿ ಕೇಳುವುದು. ಅವನು ದೂರು ಕೊಡುವುದಿಲ್ಲ.

128ರಲ್ಲಿ ಚಟಪಟ ಎಂದು ಸದ್ದು ಒಡೆದರೆ 256ಕ್ಕೆ ಏರಿಸಿ. ಬ್ರೌಸರ್ ಮುಚ್ಚಿ, ಲ್ಯಾಪ್‌ಟಾಪನ್ನು ವಿದ್ಯುತ್ ಉಳಿತಾಯದ ಮೋಡಿನಿಂದ ಹೊರತನ್ನಿ. ಮತ್ತೆ, ಬ್ಲೂಟೂತ್ ಹೆಡ್‌ಫೋನ್ ಎಷ್ಟು ದುಬಾರಿಯದಾದರೂ ಈ ಕೆಲಸಕ್ಕೆ ಬರುವುದಿಲ್ಲ. ನೀವು ಬಫರಿನಲ್ಲಿ ಉಳಿಸಿದ್ದರ ಹಲವು ಪಟ್ಟು ತಡ ಅದೊಂದೇ ಸೇರಿಸಬಲ್ಲದು. ತಂತಿಯ ಹೆಡ್‌ಫೋನೇ ಇರಲಿ.

ಇನ್ನೊಂದು ಮಾತು, ಹೊಸಬರು ಹೆಚ್ಚಾಗಿ ಎಡವುವ ಕಡೆ. ಇಂಟರ್‌ಫೇಸಿನ ಮೇಲೆ ‘ಡೈರೆಕ್ಟ್ ಮಾನಿಟರ್’ ಎಂಬ ಸ್ವಿಚ್ ಇರುತ್ತದೆ. ಅದು ಆನ್ ಆಗಿದ್ದರೆ ಗಿಟಾರಿನ ಬೋಳು ಸದ್ದು ಕಂಪ್ಯೂಟರಿಗೆ ಹೋಗದೆ ನೇರವಾಗಿಯೂ ಕಿವಿಗೆ ಬಂದು, ಆಂಪಿನ ಸದ್ದಿನೊಂದಿಗೆ ಕಲಸಿಕೊಳ್ಳುತ್ತದೆ. ಆಫ್ ಮಾಡಿ.

ಈಗ ನಿಮ್ಮ ಜೇನ್ನೊಣ. ಎಲೆಕ್ಟ್ರಿಕ್ ಗಿಟಾರಿನ ಸದ್ದು ಎಂದು ನಾವು ಇಷ್ಟು ವರ್ಷ ಕೇಳಿದ್ದು ಆಂಪ್ ಒಂದರದ್ದಲ್ಲ. ಆಂಪ್, ಅದರ ಸ್ಪೀಕರ್ ಪೆಟ್ಟಿಗೆ (ಕ್ಯಾಬಿನೆಟ್), ಅದರ ಮುಂದಿಟ್ಟ ಮೈಕ್ ಮೂರೂ ಸೇರಿದ್ದು. 12 ಇಂಚಿನ ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಹೆಚ್ಚೇನೂ ನುಡಿಯುವುದಿಲ್ಲ. ಜರಡಿ ಹಿಡಿದ ಹಾಗೆ ಕರ್ಕಶವಾದದ್ದನ್ನೆಲ್ಲ ಅದು ತಡೆದು, ಉಳಿದದ್ದನ್ನು ಮಾತ್ರ ಬಿಡುತ್ತದೆ. ಸಾಫ್ಟ್‌ವೇರಿನಲ್ಲಿ ಆಂಪ್ ಮಾತ್ರ ಹಾಕಿ ಕ್ಯಾಬಿನೆಟ್ ಬಿಟ್ಟರೆ ಆ ತಡೆ ಇರುವುದಿಲ್ಲ, ಗೇನ್ (ಸಂಕೇತದ ಬಲ) ಏರಿಸಿದಂತೆ ಕೀರಲು ಹೆಚ್ಚುತ್ತದೆ. ಕ್ಯಾಬಿನೆಟ್ಟಿನ ಈ ಗುಣವನ್ನು ‘ಇಂಪಲ್ಸ್ ರೆಸ್ಪಾನ್ಸ್’ ಎಂಬ ಪುಟ್ಟ ಧ್ವನಿಕಡತವಾಗಿ ಹಿಡಿದಿಟ್ಟಿರುತ್ತಾರೆ. ಎಲ್ಲರೂ ಕರೆಯುವುದು ಐಆರ್ ಎಂದೇ. ಬ್ರಿಟನ್ನಿನ ಸೆಲೆಸ್ಟಿಯನ್ ಕಂಪನಿಯ ವಿಂಟೇಜ್ 30 ಸ್ಪೀಕರ್, ಅದರ ಮುಂದೆ ಶೂರ್ ಎಸ್‌ಎಂ57 ಮೈಕ್: ಇಂಥ ಜೋಡಿಯ ಐಆರ್ ಒಂದನ್ನು ಹಾಕಿಕೊಳ್ಳಿ. 1965ರಲ್ಲಿ ಬಂದ ಆ ಮೈಕನ್ನು ಸ್ಟುಡಿಯೊಗಳು ಇನ್ನೂ ಬಿಟ್ಟಿಲ್ಲ. ಐಆರ್ ಹಾಕುವ ಮೊದಲು, ಹಾಕಿದ ಮೇಲೆ ಒಂದೇ ಸ್ವರವನ್ನು ಮೀಟಿ ನೋಡಿ, ನನ್ನ ಈ ಪ್ಯಾರಾ ಮರೆತರೂ ನಡೆಯುತ್ತದೆ.

ಸಾಫ್ಟ್‌ವೇರ್ ಯಾವುದು? ನನ್ನ ಆಯ್ಕೆ ನ್ಯೂರಲ್ ಆಂಪ್ ಮಾಡೆಲರ್. ಜನ ‘ನ್ಯಾಮ್’ ಎನ್ನುತ್ತಾರೆ. ಸ್ಟೀವನ್ ಅಟ್ಕಿನ್‌ಸನ್ ಎಂಬವರು ಬರೆದು ಮುಕ್ತವಾಗಿ ಬಿಟ್ಟದ್ದು, ಪೂರ್ತಿ ಉಚಿತ. ಹಳೆಯ ಬಗೆಯ ಮಾಡೆಲಿಂಗಿನಲ್ಲಿ ಆಂಪಿನ ಒಂದೊಂದು ಬಿಡಿಭಾಗದ ನಡತೆಯನ್ನೂ ಗಣಿತದಲ್ಲಿ ಬರೆಯುತ್ತಿದ್ದರು. ಇದರ ದಾರಿ ಬೇರೆ. ನಿಜವಾದ ಆಂಪಿನೊಳಕ್ಕೆ ಒಂದು ಪರೀಕ್ಷಾ ಧ್ವನಿ ಕಳಿಸಿ, ಹೊರಬಂದದ್ದನ್ನು ದಾಖಲಿಸಿ, ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಇರುವ ನಂಟನ್ನು ನ್ಯೂರಲ್ ನೆಟ್‌ವರ್ಕಿಗೆ ಕಲಿಸುತ್ತಾರೆ. ಹೀಗೆ ಸೆರೆಹಿಡಿದ ಆಂಪ್‌ಗಳನ್ನು ಜನ ಟೋನ್ 3000 ಎಂಬ ತಾಣದಲ್ಲಿ ಹಂಚಿಕೊಳ್ಳುತ್ತಾರೆ. ಇಳಿಸಿಕೊಳ್ಳುವಾಗ ಅದು ಆಂಪ್ ಮಾತ್ರವೋ, ಕ್ಯಾಬಿನೆಟ್ ಸೇರಿದ್ದೋ ಎಂದು ಓದಿಕೊಳ್ಳಿ. ಸೇರಿದ್ದಾದರೆ ಮೇಲೆ ಮತ್ತೊಂದು ಐಆರ್ ಹಾಕಬೇಡಿ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಫೆದರ್, ನ್ಯಾನೊ ಎಂಬ ಹಗುರ ಮಾದರಿಗಳೂ ಇವೆ. ಇಷ್ಟೂ ತಲೆನೋವು ಅನ್ನಿಸಿದರೆ ಗಿಟಾರ್ ರಿಗ್ ಪ್ಲೇಯರ್ ಅಥವಾ ಆಂಪ್ಲಿಟ್ಯೂಬ್‌ನ ಉಚಿತ ಆವೃತ್ತಿ ಹಾಕಿಕೊಳ್ಳಿ. ಕ್ಯಾಬಿನೆಟ್ ಸಮೇತ ಸಿದ್ಧ ಸದ್ದು ಸಿಗುತ್ತದೆ. ಯಾವುದಾದರೂ ಒಂದು ಮಾತ್ರ.

ಈ ‘ಒಂದು’ ಎಂಬುದರ ಬಗ್ಗೆ ನಾನು ಸ್ವಲ್ಪ ಕಠಿಣ. ಆಂಪ್ ಮಾಡೆಲಿಂಗಿನ ದೊಡ್ಡ ಅಪಾಯ ಅದರ ಸದ್ದು ಕೃತಕ ಎಂಬುದಲ್ಲ, ಆಯ್ಕೆಗೆ ಕೊನೆಯಿಲ್ಲ ಎಂಬುದು. ಮಗಳು ಮಲಗಿದ ಮೇಲೆ ನಿಮಗೆ ಸಿಗುವುದು ಮುಕ್ಕಾಲು ಗಂಟೆ ಎಂದಿಟ್ಟುಕೊಳ್ಳೋಣ. ಆ ಮಾರ್ಷಲ್ ಆಂಪ್ ಚೆನ್ನೋ, ಈ ವಾಕ್ಸ್ ಆಂಪ್ ಚೆನ್ನೋ ಎಂದು ತಿರುವುತ್ತ ಕೂತರೆ ನಿದ್ದೆ ಬರುತ್ತದೆ, ಹಾಡು ಬರುವುದಿಲ್ಲ. ಸ್ವಚ್ಛ ಸದ್ದಿಗೊಂದು ಫೆಂಡರ್ ಬಗೆಯದು, ಒರಟು ಸದ್ದಿಗೊಂದು ಮಾರ್ಷಲ್ ಬಗೆಯದು ಆರಿಸಿ, ಒಂದು ತಿಂಗಳು ಬದಲಿಸಬೇಡಿ. ಗೇನನ್ನು ನಿಮ್ಮ ಮನಸ್ಸು ಬಯಸುವುದಕ್ಕಿಂತ ಕಡಿಮೆ ಇಡಿ. ಹೆಚ್ಚು ಗೇನ್, ಹೆಚ್ಚು ರಿವರ್ಬ್ ಎರಡೂ ಬೆರಳಿನ ತಪ್ಪುಗಳನ್ನು ಮುಚ್ಚಿಡುತ್ತವೆ. ಕಲಿಯುವವನಿಗೆ ಕೇಳಬೇಕಾದ್ದು ಅವೇ ತಪ್ಪುಗಳು. ಅಂದ ಹಾಗೆ ಇಂಟರ್‌ಫೇಸಿನ ಗೇನ್ ಬೇರೆ, ಆಂಪಿನ ಗೇನ್ ಬೇರೆ. ಜೋರಾಗಿ ಮೀಟಿದಾಗಲೂ ಇಂಟರ್‌ಫೇಸಿನ ಕೆಂಪು ದೀಪ ಹತ್ತಕೂಡದು. ಅಲ್ಲಿ ಒಡೆದ ಸದ್ದು ರಾಕ್ ಸಂಗೀತದ ಒಡಕಲ್ಲ, ಬರೀ ಹಾಳಾದ ದಾಖಲೆ.

ಗುಂಯ್ ಶಬ್ದಕ್ಕೆ ಎರಡು ಮೂಲಗಳಿರಬಹುದು. ಸಿಂಗಲ್ ಕಾಯಿಲ್ ಪಿಕಪ್ ಸುತ್ತಲಿನ ವಿದ್ಯುತ್ ಉಪಕರಣಗಳ ಗುಂಯ್‌ಗುಡುವಿಕೆಯನ್ನು ಹಿಡಿಯುತ್ತದೆ. ಲ್ಯಾಪ್‌ಟಾಪಿನಿಂದ ಒಂದಡಿ ದೂರ ಸರಿದು ಕೂತ ದಿಕ್ಕು ಬದಲಿಸಿದರೆ ತಗ್ಗುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನುಡಿಸಿದಾಗ ಶಬ್ದ ನಿಂತರೆ ದೋಷ ಚಾರ್ಜರಿನದ್ದು ಇಲ್ಲವೇ ಮನೆಯ ಅರ್ಥಿಂಗಿನದ್ದು. ಚಾರ್ಜರ್ ಹಾಕಿರುವಾಗ ತಂತಿ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆಯೇ? ಹಾಗಿದ್ದರೆ ನುಡಿಸುವುದನ್ನು ನಿಲ್ಲಿಸಿ, ಮಾಲೀಕರಿಗೆ ಹೇಳಿ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ನೋಡಿಸಿ. ಗುಂಯ್ ಕಳೆಯಲು ಪ್ಲಗ್ಗಿನ ಮೂರನೇ ಪಿನ್ ಮುರಿಯುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಲೇಬೇಡಿ. ಇವೆಲ್ಲ ಆದ ಮೇಲೂ ಉಳಿಯುವ ಸಣ್ಣ ಶಬ್ದಕ್ಕೆ ಸಾಫ್ಟ್‌ವೇರಿನ ನಾಯ್ಸ್ ಗೇಟ್ ಸಾಕು.

ಆಂಪ್ ಇಲ್ಲದೆ ಕಲಿಕೆಯಿಲ್ಲ ಎನ್ನುವ ನಿಮ್ಮ ಗೆಳೆಯರಿಗೆ ಒಂದಿಷ್ಟು ಇತಿಹಾಸ ಹೇಳಿ. ಬೀಟಲ್ಸ್ 1968ರ ‘ರೆವಲ್ಯೂಷನ್’ ಹಾಡಿಗೆ ಗಿಟಾರನ್ನು ಸ್ಟುಡಿಯೊದ ಮಿಕ್ಸಿಂಗ್ ಕನ್ಸೋಲಿಗೇ ನೇರ ಜೋಡಿಸಿ ಆ ಒರಟು ಸದ್ದು ತೆಗೆದರು. ಲೈನ್ 6 ಕಂಪನಿಯ ‘ಪಾಡ್’ ಎಂಬ ಕೆಂಪು ಪೆಟ್ಟಿಗೆ 1998ರಲ್ಲೇ ಬಂತು, ಆಂಪ್ಲಿಟ್ಯೂಬ್ 2002ರಲ್ಲಿ. 2013ರ ಡಿಸೆಂಬರಿನಲ್ಲಿ ಮೆಟಾಲಿಕಾ ತಂಡ ಅಂಟಾರ್ಕ್ಟಿಕಾದಲ್ಲಿ ನುಡಿಸಿದಾಗ ಹೊರಗೆ ಸದ್ದು ಮಾಡುವ ಸ್ಪೀಕರ್‌ಗಳೇ ಇರಲಿಲ್ಲ, ಕೇಳುಗರೆಲ್ಲ ಹೆಡ್‌ಫೋನ್ ಹಾಕಿಕೊಂಡೇ ಕೇಳಿದರು. ನಿಮ್ಮ ಮನೆಯಲ್ಲೂ ಅದೇ ವ್ಯವಸ್ಥೆ. ಹಾಗೆಂದು ಗೆಳೆಯರ ಮಾತು ಪೂರ್ತಿ ಸುಳ್ಳಲ್ಲ. ಗಟ್ಟಿ ಸದ್ದಿನ ಆಂಪಿನ ಮುಂದೆ ತಂತಿಗಳು ತಾವೇ ಕಂಪಿಸಿ ಸ್ವರ ಎಳೆದು ನಿಲ್ಲುವ ಅನುಭವ ಹೆಡ್‌ಫೋನಿನಲ್ಲಿ ಸಿಗುವುದಿಲ್ಲ. ತಿಂಗಳಿಗೊಮ್ಮೆ ಅಭ್ಯಾಸದ ಕೋಣೆಯೊಂದನ್ನು ಗಂಟೆಗಟ್ಟಲೆ ಬಾಡಿಗೆಗೆ ಹಿಡಿದು ಆ ಆಸೆ ತೀರಿಸಿಕೊಳ್ಳಬಹುದು.

ಕಂಪ್ಯೂಟರಿಗೆ ಮಾತ್ರ ಇರುವ ಅನುಕೂಲವೊಂದಿದೆ. ರೀಪರ್‌ನಂಥ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ (ಅದನ್ನು 60 ದಿನ ಪರೀಕ್ಷಿಸಿ ನೋಡಬಹುದು) ದಾಖಲಾಗುವುದು ಗಿಟಾರಿನ ಬೋಳು ಸದ್ದು, ಆಂಪ್ ಅದರ ಮೇಲೆ ಕೂತಿರುತ್ತದೆ ಅಷ್ಟೆ. ಈ ತಿಂಗಳು ನುಡಿಸಿದ್ದಕ್ಕೆ ಮುಂದಿನ ವರ್ಷ ಬೇರೆ ಆಂಪ್ ಹಾಕಬಹುದು. ವಾರಕ್ಕೊಂದು ನಿಮಿಷ ದಾಖಲಿಸಿ ದಿನಾಂಕ ಬರೆದಿಡಿ. ಆಂಪ್ ತೆಗೆದು ಬೋಳು ಸದ್ದನ್ನೊಮ್ಮೆ ಕೇಳಿದರೆ ನಿಮ್ಮ ಬೆರಳು ಎಲ್ಲಿ ಸುಧಾರಿಸಿದೆ, ಎಲ್ಲಿ ಇಲ್ಲ ಎಂಬುದು ಮರೆಯಿಲ್ಲದೆ ತಿಳಿಯುತ್ತದೆ.

ಮನೆಯವರಿಗೆ ಇರುವುದನ್ನು ಇರುವ ಹಾಗೇ ಹೇಳಿ: ಗಿಟಾರ್ ಸರಿಯಾಗಿದೆ, ನಡುವೆ ಒಂದು ಪೆಟ್ಟಿಗೆ ಬೇಕಿತ್ತು, ಅದು ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣ ಭಾಗ. ಇನ್ನೊಂದು ಹೆಡ್‌ಫೋನ್ ಜೋಡಿಸಿ ಅವರಿಗೂ ಕೇಳಿಸಿ; ಮುಚ್ಚಿದ ಬಾಗಿಲ ಹಿಂದಿನ ಹವ್ಯಾಸಕ್ಕಿಂತ ಕೇಳಿಸಿಕೊಂಡ ಹವ್ಯಾಸಕ್ಕೆ ಮನೆಯಲ್ಲಿ ಸಹಾನುಭೂತಿ ಜಾಸ್ತಿ. ವಾಲ್ಯೂಮ್ ಮಾತ್ರ ಹಿಡಿತದಲ್ಲಿರಲಿ, ರಾತ್ರಿಯ ಮೌನದಲ್ಲಿ ಅದು ತಿಳಿಯದೆ ಏರುತ್ತ ಹೋಗುತ್ತದೆ.

ಇಂಟರ್‌ಫೇಸ್ ಬಂದ ಮೇಲೂ ತಡ ಉಳಿದರೆ ಅದರ ಹೆಸರು, ವಿಂಡೋಸಿನ ಆವೃತ್ತಿ, ಡ್ರೈವರ್ ಪಟ್ಟಿಯಲ್ಲಿ ನೀವು ಆರಿಸಿದ್ದು, ಬಫರ್ ಸಂಖ್ಯೆ ಈ ನಾಲ್ಕನ್ನೂ ಬರೆದು ಕಳಿಸಿ. ಬರೀ ‘ತಡವಾಗುತ್ತಿದೆ’ ಎಂದು ಬರೆದರೆ ನಾನೂ ಊಹಿಸಬೇಕಾಗುತ್ತದೆ.