ವಾಹನ ಸಾಲದ ಕರಾರು: ಸಹಿಗೆ ಮುನ್ನ ಓದಿ, ಸಹಿಯ ನಂತರ ಹಕ್ಕು ಕೇಳಿ



ಈ ಪುಟದಲ್ಲಿ ಕೆಚ್ಚಲುಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣ, ಹಸಿರು ಮೇವು ಮುಂತಾದ ವಿಷಯಗಳನ್ನು ಬರೆಯುವುದು ವಾಡಿಕೆ. ಪಶುವೈದ್ಯನಾದವನು ವಾಹನ ಸಾಲದ ಬಗ್ಗೆ ಏಕೆ ಬರೆಯುತ್ತಿದ್ದಾನೆ ಎಂದು ತಮಗೆ ಅನ್ನಿಸಬಹುದು. ಕಾರಣ ಇಷ್ಟೇ. ಕೊಟ್ಟಿಗೆಯಿಂದ ಹಸು ಹೊರಗೆ ಹೋಗಲು ರೋಗವೊಂದೇ ಕಾರಣವಲ್ಲ. ಸಾಲದ ಕಂತೂ ಕಾರಣವಾಗುತ್ತದೆ.

2025ರ ಮಳೆಗಾಲದಲ್ಲಿ ಒಂದು ಸಂಘದ ಸದಸ್ಯರ ಮನೆಗೆ ಕೆಚ್ಚಲುಬಾವಿನ ಚಿಕಿತ್ಸೆಗೆ ಹೋಗಿದ್ದೆ. ಹಸುವಿಗೆ ಇಂಜೆಕ್ಷನ್ ಕೊಡುತ್ತಿರುವಾಗ ಯಜಮಾನರು, "ಡಾಕ್ಟ್ರೇ, ಶನಿವಾರದೊಳಗೆ ಗುಣ ಆಗ್ತದಾ? ಸಂತೆಗೆ ಹೊಡೀಬೇಕು" ಎಂದರು. ದಿನಕ್ಕೆ 14 ಲೀಟರ್ ಕೊಡುವ ಹಸು ಅದು. ಅದರ ಜೊತೆಯ ಹಸುವನ್ನು ಹಿಂದಿನ ತಿಂಗಳೇ ಮಾರಿಯಾಗಿತ್ತು. "ಏಕೆ ಯಜಮಾನ್ರೇ?" ಎಂದು ಕೇಳಿದರೆ ಉತ್ತರ ಕೊಟ್ಟವರು ಅವರ ಮನೆಯವರು: "ಆ ಕಾರಿನ ಕಂತು ಸಾರ್." 2024ರ ದೀಪಾವಳಿಯ ನಂತರ 3 ಲಕ್ಷ ರೂ. ಸಾಲ ಮಾಡಿ ಹಳೆಯ ಕಾರು ಕೊಂಡಿದ್ದರು. "ಬಡ್ಡಿ ಹತ್ತೇ ಪರ್ಸೆಂಟ್, ಬ್ಯಾಂಕಿನಷ್ಟೇ" ಎಂದು ಏಜೆಂಟ್ ಹೇಳಿದ್ದನಂತೆ. ಇಪ್ಪತ್ತು ಕಡೆ ಸಹಿ ಹಾಕಿದ್ದರು. ಕರಾರು ಪತ್ರದ ಒಂದು ಹಾಳೆಯೂ ಮನೆಯಲ್ಲಿರಲಿಲ್ಲ.

ಅವರ ಲೆಕ್ಕವನ್ನೇ ಪಾಠವಾಗಿಟ್ಟುಕೊಂಡು ಈ ವಿಷಯವನ್ನು ತಿಳಿಯೋಣ. ಸುಲಭವಾಗಲೆಂದು ಅಂಕಿಗಳನ್ನು ಸರಿಸುಮಾರು ಮಾಡಿದ್ದೇನೆ.

ಶೇ. 10 ಎಂದರೆ ಯಾವ ಶೇ. 10?

ಬಡ್ಡಿಯನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕುತ್ತಾರೆ. ಮೊದಲನೆಯದು ಫ್ಲಾಟ್ ಬಡ್ಡಿ. ಇದರಲ್ಲಿ ಮೊದಲ ದಿನ ಪಡೆದ ಪೂರ್ತಿ ಸಾಲಕ್ಕೆ ಕೊನೆಯ ದಿನದವರೆಗೂ ಬಡ್ಡಿ. ಎರಡನೆಯದು ಇಳಿಕೆ ಬಾಕಿಯ ಮೇಲಿನ ಬಡ್ಡಿ. ಇದರಲ್ಲಿ ಕಂತು ಕಟ್ಟಿದ ಹಾಗೆ ಅಸಲು ಇಳಿಯುತ್ತದೆ, ಉಳಿದ ಅಸಲಿಗೆ ಮಾತ್ರ ಬಡ್ಡಿ.

3 ಲಕ್ಷ ರೂ. ಸಾಲ, 3 ವರ್ಷ, 36 ಕಂತು ಎಂದುಕೊಳ್ಳಿ.

ಫ್ಲಾಟ್ ಶೇ. 10: ಬಡ್ಡಿ 90,000 ರೂ. ತಿಂಗಳ ಕಂತು 10,833 ರೂ.
ಇಳಿಕೆ ಬಾಕಿಯ ಮೇಲೆ ಶೇ. 10: ಬಡ್ಡಿ ಸುಮಾರು 48,500 ರೂ. ತಿಂಗಳ ಕಂತು ಸುಮಾರು 9,680 ರೂ.

ಬಾಯಲ್ಲಿ ಹೇಳುವ ದರ ಎರಡರಲ್ಲೂ ಹತ್ತೇ. ಆದರೆ ಜೇಬಿನಿಂದ ಹೋಗುವ ಹಣದಲ್ಲಿ 41,500 ರೂ. ವ್ಯತ್ಯಾಸ. ಫ್ಲಾಟ್ ಲೆಕ್ಕದಲ್ಲಿ ಪ್ರತಿ ಕಂತಿನಲ್ಲಿ 8,333 ರೂ. ಅಸಲಿಗೆ, 2,500 ರೂ. ಬಡ್ಡಿಗೆ ಹೋಗುತ್ತದೆ. ಮೊದಲ ತಿಂಗಳು 3 ಲಕ್ಷ ಬಾಕಿಗೆ 2,500 ರೂ. ಬಡ್ಡಿ. ಕೊನೆಯ ತಿಂಗಳು ಉಳಿದಿರುವ ಬಾಕಿ 8,333 ರೂ. ಮಾತ್ರ, ಅದಕ್ಕೂ 2,500 ರೂ. ಬಡ್ಡಿ! ಈ ಫ್ಲಾಟ್ ಶೇ. 10ನ್ನು ಇಳಿಕೆ ಬಾಕಿಯ ಲೆಕ್ಕಕ್ಕೆ ತಂದರೆ ಸುಮಾರು ಶೇ. 18 ಆಗುತ್ತದೆ.

ಕತೆ ಇಲ್ಲಿಗೇ ಮುಗಿಯಲಿಲ್ಲ. ಆ ಸದಸ್ಯರಿಗೆ 3 ಲಕ್ಷ ಪೂರ್ತಿ ಸಿಕ್ಕಿರಲಿಲ್ಲ. ಸಂಸ್ಕರಣಾ ಶುಲ್ಕ 6,000, ಕೇಳದೇ ಹಾಕಿದ ಸಾಲದ ವಿಮೆ 9,000, ಕಾಗದಪತ್ರದ ಖರ್ಚು 3,000 ಮತ್ತು ಮುಂಗಡ ಕಂತು ಒಂದು ಎಂದು 10,833 ರೂ. ಮುರಿದುಕೊಂಡಿದ್ದರು. ಕಾರಿನ ಬೆಲೆಗೆ ಒದಗಿದ್ದು 2,71,167 ರೂ. ಇಷ್ಟಕ್ಕೆ ಇನ್ನು 35 ಕಂತು ಕಟ್ಟಬೇಕು. ನಿಜವಾದ ದರ ವರ್ಷಕ್ಕೆ ಸುಮಾರು ಶೇ. 24. ಹತ್ತು ಎಂದು ಕೇಳಿಸಿಕೊಂಡದ್ದು ಇಪ್ಪತ್ತನಾಲ್ಕಾದ ಬಗೆ ಇದು.

ಸಾಲಕ್ಕೂ ಒಂದು ಲ್ಯಾಕ್ಟೋಮೀಟರ್ ಇದೆ

ಹಾಲನ್ನು ಕಣ್ಣಿನಲ್ಲಿ ನೋಡಿ ಬೆಲೆ ಕಟ್ಟುವುದಿಲ್ಲ. ಜಿಡ್ಡು ಮತ್ತು ಜಿಡ್ಡೇತರ ಘನಾಂಶ ನೋಡಿ ಬೆಲೆ ಕಟ್ಟುತ್ತೇವೆ. ಸಾಲವನ್ನು ಅಳೆಯುವ ಅಂಥ ಅಳತೆ ವಾರ್ಷಿಕ ಶೇಕಡಾವಾರು ದರ. ಇದನ್ನು ಎ.ಪಿ.ಆರ್. ಎನ್ನುತ್ತಾರೆ. ಬಡ್ಡಿ, ಶುಲ್ಕ, ಸಾಲದ ಜೊತೆ ವಸೂಲು ಮಾಡುವ ವಿಮೆ ಎಲ್ಲವೂ ಸೇರಿದ ದರ ಅದು.

ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ವಾಹನ ಸಾಲ ಕೊಡುವ ಮುನ್ನ ಸಾಲಗಾರನಿಗೆ 'ಪ್ರಮುಖ ಅಂಶಗಳ ವಿವರಪಟ್ಟಿ' ಕೊಡಲೇಬೇಕು. ಇದಕ್ಕೆ ಕೆ.ಎಫ್.ಎಸ್. ಎಂದು ಹೆಸರು. ಅದರ ಬಗ್ಗೆ ಗಮನದಲ್ಲಿಡಬೇಕಾದ ಅಂಶಗಳು:

1. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ತಮ್ಮ ಹಕ್ಕು.
2. ಎ.ಪಿ.ಆರ್., ಎಲ್ಲ ಶುಲ್ಕಗಳು ಮತ್ತು ಕಂತುವಾರು ಅಸಲು ಬಡ್ಡಿಯ ಪಟ್ಟಿ ಅದರಲ್ಲಿರಬೇಕು.
3. ಒಪ್ಪಿಗೆ ಹೇಳಲು ಕನಿಷ್ಠ 3 ಕೆಲಸದ ದಿನಗಳ ಅವಕಾಶವಿದೆ. "ಇವತ್ತೇ ಸಹಿ ಹಾಕದಿದ್ದರೆ ಸ್ಕೀಮ್ ಮುಗಿಯಿತು" ಎಂಬ ಅವಸರಕ್ಕೆ ಬೀಳಬೇಡಿ.
4. ಅದರಲ್ಲಿ ನಮೂದಿಸದ ಶುಲ್ಕವನ್ನು ತಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ.

ಎರಡು ಕಡೆ ವಿಚಾರಿಸಿ, ಎರಡೂ ಕಡೆಯ ಎ.ಪಿ.ಆರ್. ಪಕ್ಕಪಕ್ಕ ಇಟ್ಟು ನೋಡಿ. ತಿಂಗಳ ಕಂತು ಕಡಿಮೆ ಎಂಬುದನ್ನಷ್ಟೇ ನೋಡಿ ಒಪ್ಪಬೇಡಿ. ಅವಧಿ ಉದ್ದವಾದರೆ ಕಂತು ಸಣ್ಣದಾಗುತ್ತದೆ, ಒಟ್ಟು ಬಡ್ಡಿ ದೊಡ್ಡದಾಗುತ್ತದೆ.

ಮುಂಗಡ ಕಂತಿನ ಬಗ್ಗೆ ಒಂದು ಮಾತು. ಕಂತನ್ನು ಮೊದಲೇ ಮುರಿದುಕೊಂಡು ಪೂರ್ತಿ ಸಾಲಕ್ಕೆ ಬಡ್ಡಿ ಹಾಕುವುದು ಹಾಗೂ ಹಣ ಕೊಡುವ ಮೊದಲಿನ ದಿನಗಳಿಗೂ ಬಡ್ಡಿ ಎಣಿಸುವುದು ನ್ಯಾಯವಲ್ಲ ಎಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿ, ಹೀಗೆ ಹೆಚ್ಚಾಗಿ ಪಡೆದುದನ್ನು ಹಿಂದಿರುಗಿಸಲು ಸೂಚಿಸಿದೆ.

ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಕಾನೂನಿನಂತೆ ಕಡ್ಡಾಯ. ಸಾಲಗಾರನ ಜೀವಕ್ಕೆ ಮಾಡಿಸುವ 'ಸಾಲ ರಕ್ಷಣೆ' ವಿಮೆಯನ್ನು ಯಾವ ಕಾನೂನೂ ಕಡ್ಡಾಯ ಮಾಡಿಲ್ಲ. ಬೇಕಿದ್ದರೆ ಮಾಡಿಸಿ, ಬೇಡವಾದರೆ ಬೇಡ ಎಂದು ಬರೆದುಕೊಡಿ. ಗಮನಕ್ಕೆ ಬಾರದೆ ಹಾಕಿದ್ದರೆ, ಪಾಲಿಸಿ ಕೈಸೇರಿದ 30 ದಿನದೊಳಗೆ ಅದನ್ನು ಹಿಂತಿರುಗಿಸಲು ಅವಕಾಶವಿದೆ.

ಸಹಿ ಹಾಕುವ ದಿನ ವಹಿಸಬೇಕಾದ ಎಚ್ಚರಿಕೆಗಳು

1. ಖಾಲಿ ಜಾಗವಿರುವ ಕರಾರಿಗೂ ಮೊತ್ತ ಬರೆಯದ ಚೆಕ್ಕಿಗೂ ಸಹಿ ಹಾಕಬೇಡಿ. ಚೆಕ್ಕು ಹಣವಿಲ್ಲದೆ ವಾಪಸಾದರೆ ಕ್ರಿಮಿನಲ್ ಮೊಕದ್ದಮೆ ಆಗಬಹುದು.
2. ಕರಾರು ಪತ್ರ ಮತ್ತು ಲಗತ್ತುಗಳ ಪ್ರತಿಯನ್ನು ಕೊಡುವುದು ಕಂಪನಿಯ ಕರ್ತವ್ಯ. ಪ್ರತಿ ಪಡೆಯದೆ ಏಳಬೇಡಿ.
3. ಕಂತಿನ ದಿನಾಂಕವನ್ನು ಹಾಲಿನ ಬಟವಾಡೆ ಖಾತೆಗೆ ಬೀಳುವ ದಿನದ ನಂತರಕ್ಕೆ ಕೇಳಿ ಪಡೆಯಿರಿ. ಎರಡು ದಿನದ ಅಂತರದಿಂದ ಕಂತು ತಪ್ಪಿ ದಂಡ ಕಟ್ಟಿದವರು ನಮ್ಮಲ್ಲಿ ಕಡಿಮೆಯಿಲ್ಲ.
4. ಹಸು ಬತ್ತುವ ಎರಡು ತಿಂಗಳಲ್ಲಿ ಕಂತು ಎಲ್ಲಿಂದ ಎಂದು ಮೊದಲೇ ಲೆಕ್ಕ ಹಾಕಿ. ಹೆಚ್ಚು ಹಾಲಿನ ತಿಂಗಳ ಆದಾಯವನ್ನು ನಂಬಿ ಕಂತು ಒಪ್ಪಬೇಡಿ.
5. ಜಾಮೀನು ಹಾಕುವವರೂ ಓದಿ ಸಹಿ ಹಾಕಬೇಕು. ಕಾನೂನಿನ ದೃಷ್ಟಿಯಲ್ಲಿ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. "ಸುಮ್ಮನೆ ಸಾಕ್ಷಿ ಸಹಿ" ಎಂಬ ಮಾತನ್ನು ನಂಬಬೇಡಿ.
6. ಹಳೆಯ ವಾಹನವಾದರೆ ಆರ್.ಸಿ.ಯಲ್ಲಿ ಹಿಂದಿನ ಸಾಲದ ನಮೂದು ಇದೆಯೇ ನೋಡಿ. "ನನ್ನ ಹೆಸರಲ್ಲೇ ಇರಲಿ, ಕಂತು ನೀವು ಕಟ್ಟಿಕೊಂಡು ಹೋಗಿ" ಎಂಬ ವ್ಯಾಪಾರ ಬೇಡವೇ ಬೇಡ. ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯಿಲ್ಲದೆ ಅಂಥ ವಾಹನ ತಮ್ಮ ಹೆಸರಿಗೆ ವರ್ಗವಾಗುವುದಿಲ್ಲ. ಮಾರುವವರಿಗೂ ಅಪಾಯವಿದೆ. ಆರ್.ಸಿ.ಯಲ್ಲಿ ಹೆಸರು ಉಳಿದವನೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಕಂತು ತಪ್ಪಿದಾಗ

ಕಂತು ತಪ್ಪಿದರೆ ಕರಾರಿನಂತೆ ವಾಹನವನ್ನು ವಶಪಡಿಸಿಕೊಳ್ಳುವ ಹಕ್ಕು ಸಾಲ ಕೊಟ್ಟವರಿಗೆ ಇರಬಹುದು. ಇದನ್ನು ಮರೆಮಾಚುವುದು ಸರಿಯಲ್ಲ. ಆದರೆ ಆ ಹಕ್ಕಿಗೂ ಕಟ್ಟಳೆಯಿದೆ. ನೋಟಿಸಿನ ಅವಧಿ, ವಶಕ್ಕೆ ಪಡೆಯುವ ಕ್ರಮ, ಹರಾಜಿಗೆ ಮುನ್ನ ಬಾಕಿ ಕಟ್ಟಲು ಕೊನೆಯ ಅವಕಾಶ ಇವೆಲ್ಲ ಹಣಕಾಸು ಕಂಪನಿಯ ಕರಾರಿನಲ್ಲೇ ಇರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ಊರವರ ಮುಂದೆ ಅವಮಾನ ಮಾಡುವುದು ನಿಷಿದ್ಧ. ಬಾಡಿಗೆ ಬಂಟರನ್ನು ಬಿಟ್ಟು ವಾಹನ ಎಳೆದೊಯ್ಯುವುದನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಖಂಡಿಸಿದೆ.

ಇದು ಬರೀ ಕಾಗದದ ಮಾತಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಹಜಾರಿಬಾಗ್‌ನಲ್ಲಿ ಸಾಲದ ಟ್ರ್ಯಾಕ್ಟರ್ ಎಳೆದೊಯ್ಯುವಾಗ ರೈತರೊಬ್ಬರ ಗರ್ಭಿಣಿ ಮಗಳು ಅದರಡಿ ಸಿಲುಕಿ ಪ್ರಾಣ ಕಳೆದುಕೊಂಡಳು. ಆ ತಿಂಗಳೇ ರಿಸರ್ವ್ ಬ್ಯಾಂಕ್ ಸಂಬಂಧಪಟ್ಟ ಕಂಪನಿಯು ಹೊರಗಿನ ಏಜೆಂಟರ ಮೂಲಕ ವಸೂಲಿ ಮಾಡದಂತೆ ತಡೆಹಾಕಿತು. ಆದ್ದರಿಂದ ವಾಹನಕ್ಕೆ ಅಡ್ಡ ನಿಂತು ಜಗಳವಾಡಬೇಡಿ. ಬಂದವರ ಗುರುತಿನ ಚೀಟಿ ಮತ್ತು ಅಧಿಕಾರ ಪತ್ರ ಕೇಳಿ, ನಾಲ್ಕು ಜನರನ್ನು ಕರೆಯಿರಿ. ಬಲಪ್ರಯೋಗಕ್ಕೆ ಇಳಿದರೆ 112ಕ್ಕೆ ಕರೆ ಮಾಡಿ.

ತಡವಾದ ಕಂತಿನ ದಂಡದ ಬಗ್ಗೆಯೂ ನಿಯಮವಿದೆ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ ಆದೇಶದಂತೆ ದಂಡವನ್ನು ಹೆಚ್ಚುವರಿ ಬಡ್ಡಿಯ ರೂಪದಲ್ಲಿ ಹಾಕುವಂತಿಲ್ಲ, ದಂಡವನ್ನು ಅಸಲಿಗೆ ಸೇರಿಸಿ ಅದಕ್ಕೆ ಬಡ್ಡಿ ಎಣಿಸುವಂತಿಲ್ಲ.

ದೂರು ಎಲ್ಲಿ, ಹೇಗೆ?

ಮೊದಲ ಹೆಜ್ಜೆ: ಸಾಲ ಕೊಟ್ಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಕರಾರಿನ ಪ್ರತಿ, ಕೆ.ಎಫ್.ಎಸ್., ಸಾಲದ ಖಾತೆಯ ವಿವರ ಇವನ್ನು ಹೆಸರಿಸಿ ಕೇಳಿ.

ಎರಡನೆಯ ಹೆಜ್ಜೆ: 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಬ್ಯಾಂಕುಗಳು ಮತ್ತು ದೊಡ್ಡ ಹಣಕಾಸು ಕಂಪನಿಗಳು ಇದರ ವ್ಯಾಪ್ತಿಗೆ ಬರುತ್ತವೆ. ಅದೇ ವಿಷಯ ನ್ಯಾಯಾಲಯದಲ್ಲಿದ್ದರೆ ಇಲ್ಲಿ ವಿಚಾರಣೆಯಿಲ್ಲ.

ಮೂರನೆಯ ಹೆಜ್ಜೆ: ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಪಾವತಿಸಿದ ಪ್ರತಿಫಲ 5 ಲಕ್ಷ ರೂ. ಒಳಗಿದ್ದರೆ ಶುಲ್ಕವಿಲ್ಲ. ತೊಂದರೆಯಾದ 2 ವರ್ಷದೊಳಗೆ ದೂರು ದಾಖಲಾಗಬೇಕು. ಸಹಾಯವಾಣಿ 1915.

ಹಾಲಿನ ಕ್ಯಾನು, ಮೇವು ಸಾಗಿಸಲು ಗೂಡ್ಸ್ ವಾಹನ ಕೊಂಡವರಿಗೆ ಒಂದು ಸೂಚನೆ. ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆಗೆ ಈ ಕಾಯ್ದೆ ಅನ್ವಯಿಸದು ಎಂದು ಎದುರುಪಕ್ಷದವರು ವಾದಿಸುತ್ತಾರೆ. ಆದರೆ ಸ್ವಂತ ಉದ್ಯೋಗದಿಂದ ಜೀವನ ನಡೆಸಲು ಮಾತ್ರ ಪಡೆದವರು ಗ್ರಾಹಕರೇ ಎಂದು ಕಾಯ್ದೆ ಹೇಳುತ್ತದೆ. "ನನ್ನ ಜೀವನೋಪಾಯಕ್ಕಾಗಿ ಪಡೆದಿದ್ದೇನೆ" ಎಂಬ ಸಂಗತಿಯನ್ನು ದೂರಿನಲ್ಲೇ ಬರೆಯಿರಿ.

ವಕೀಲರ ನೆರವು ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿರಿ ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ.

ಸಾಲ ತೀರಿದ ಮೇಲೆ

ಕೊನೆಯ ಕಂತು ಕಟ್ಟಿದೊಡನೆ ಕೆಲಸ ಮುಗಿಯಲಿಲ್ಲ. ಬಾಕಿಯಿಲ್ಲ ಎಂಬ ಪತ್ರ ಮತ್ತು ಕಂಪನಿ ಸಹಿ ಮಾಡಿದ ನಮೂನೆ 35 ಪಡೆದು ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ.ಯಿಂದ ಸಾಲದ ನಮೂದು ತೆಗೆಸಿ. ಸಹಿ ಮಾಡಿಕೊಟ್ಟ ಚೆಕ್ಕುಗಳನ್ನು ವಾಪಸು ಪಡೆಯಿರಿ. ಅಡವಿಟ್ಟ ಮೂಲ ದಾಖಲೆಗಳನ್ನು 30 ದಿನದೊಳಗೆ ಹಿಂತಿರುಗಿಸಬೇಕು. ಸಂಸ್ಥೆಯ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂ. ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದೆ. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ.

ಆ ಹಸು ಏನಾಯಿತು?

ಆ ಶನಿವಾರ ಹಸು ಸಂತೆಗೆ ಹೋಗಲಿಲ್ಲ. ಸಂಘದ ಕಾರ್ಯದರ್ಶಿಗಳು ಕುಳಿತು ಕನ್ನಡದಲ್ಲಿ ಒಂದು ಪುಟದ ದೂರು ಬರೆದುಕೊಟ್ಟರು. ಮೂರು ವಾರಕ್ಕೆ ಕರಾರಿನ ಪ್ರತಿಯೂ ಖಾತೆಯ ವಿವರವೂ ಬಂದವು. ಕೆ.ಎಫ್.ಎಸ್.ನಲ್ಲಿ ಇಲ್ಲದ ಕಾಗದಪತ್ರದ ಖರ್ಚನ್ನೂ ದಂಡದ ಮೇಲೆ ಹಾಕಿದ್ದ ಬಡ್ಡಿಯನ್ನೂ ಕಂಪನಿ ಬಾಕಿಗೆ ವಜಾ ಮಾಡಿತು. ಕಂತಿನ ದಿನಾಂಕ ಬಟವಾಡೆಯ ನಂತರಕ್ಕೆ ಬದಲಾಯಿತು. ವಿಮೆ ಹಿಂತಿರುಗಿಸುವ 30 ದಿನ ಕಳೆದುಹೋಗಿತ್ತು, ಆ 9,000 ರೂ. ಬರಲಿಲ್ಲ. ಸಹಿ ಹಾಕಿದ ಬಡ್ಡಿಯನ್ನು ಇಂದಿಗೂ ಕಟ್ಟುತ್ತಿದ್ದಾರೆ. ಮೊದಲು ಮಾರಿದ ಹಸು ಮಾರಿದ್ದೇ. ಎರಡನೆಯದು ಉಳಿಯಿತು, ಮತ್ತೆ ಗಬ್ಬ ಕಟ್ಟಿದೆ.

ಕೆಚ್ಚಲುಬಾವನ್ನು ಮೊದಲ ದಿನ ತೋರಿಸಿದರೆ ಮೊಲೆ ಉಳಿಯುತ್ತದೆ, ವಾರ ಬಿಟ್ಟು ತೋರಿಸಿದರೆ ಮೊಲೆ ಹೋಗುತ್ತದೆ ಎಂದು ನಾವು ಹೇಳುತ್ತಲೇ ಇರುತ್ತೇವೆ. ಸಾಲದ ಕರಾರಿಗೂ ಅದೇ ಮಾತು. ಸಹಿಗೆ ಮುನ್ನ ಓದಲು ಬಾರದಿದ್ದರೆ ಸಂಘಕ್ಕೆ ತನ್ನಿ, ಓದು ಬಲ್ಲ ಮಕ್ಕಳಿಗೆ ಕೊಡಿ. ಕಾರ್ಯದರ್ಶಿಗಳು ಈ ಲೇಖನವನ್ನು ಮುಂದಿನ ಸಭೆಯಲ್ಲಿ ಓದಿ ಹೇಳಬೇಕಾಗಿ ವಿನಂತಿ.