ಕಪ್ಪಾಗುವ ಗಾಜು, ಕಾಣದ ಕಿರಣ

1801ನೆಯ ಇಸವಿಯಲ್ಲಿ ಜರ್ಮನಿಯ ಯೇನಾ ನಗರದಲ್ಲಿ ಯೋಹಾನ್ ವಿಲ್‌ಹೆಲ್ಮ್ ರಿಟ್ಟರ್ ಎಂಬ ತರುಣ ವಿಜ್ಞಾನಿಯು ಒಂದು ಸರಳವಾದ ಪ್ರಯೋಗವನ್ನು ನಡೆಸಿದನು. ಸಿಲ್ವರ್ ಕ್ಲೋರೈಡ್ ಎಂಬ ಬೆಳ್ಳಿಯ ಲವಣವು ಬೆಳಕಿನಲ್ಲಿ ಕಪ್ಪಾಗುತ್ತದೆಂಬುದು ಆ ವೇಳೆಗೆ ತಿಳಿದಿದ್ದ ಸಂಗತಿ. ರಿಟ್ಟರನು ಸೂರ್ಯನ ಬೆಳಕನ್ನು ಗಾಜಿನ ಅಶ್ರಗದ ಮೂಲಕ ಹಾಯಿಸಿ, ಅದರಿಂದ ಹೊರಟ ಬಣ್ಣಗಳ ಪಟ್ಟಿಯಲ್ಲಿ ಆ ಲವಣವನ್ನು ಲೇಪಿಸಿದ ಕಾಗದವನ್ನು ಇಟ್ಟನು. ಕೆಂಪು ಬಣ್ಣ ಬಿದ್ದೆಡೆ ಕಾಗದ ಹೆಚ್ಚು ಬದಲಾಗಲಿಲ್ಲ. ನೇರಳೆ ಬಿದ್ದೆಡೆ ಬೇಗನೆ ಕಪ್ಪಾಯಿತು. ಆದರೆ ಎಲ್ಲಕ್ಕಿಂತ ಬೇಗ ಕಪ್ಪಾದದ್ದು ನೇರಳೆಯ ಆಚೆಗೆ, ಕಣ್ಣಿಗೆ ಯಾವ ಬೆಳಕೂ ಕಾಣದಿದ್ದ ಜಾಗದಲ್ಲಿ! ಅಲ್ಲಿ ಕಾಣದ ಕಿರಣವೊಂದು ಬೀಳುತ್ತಿದೆಯೆಂದು ರಿಟ್ಟರನು ತಿಳಿದನು. ಅದೇ ಅತಿನೇರಳೆ ಕಿರಣ.

ಈ ಕಿರಣಗಳ ತರಂಗಾಂತರವು 400 ನ್ಯಾನೊಮೀಟರಿಗಿಂತ ಕಡಿಮೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ನ್ಯಾನೊಮೀಟರು. ವಿಜ್ಞಾನಿಗಳು ಅತಿನೇರಳೆ ಕಿರಣಗಳನ್ನು ಎ, ಬಿ, ಸಿ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಸಿ ಬಗೆಯ ಕಿರಣಗಳನ್ನು ವಾಯುಮಂಡಲವು ಪೂರ್ಣವಾಗಿ ತಡೆಯುತ್ತದೆ. ಬಿ ಬಗೆಯವುಗಳಲ್ಲಿ ಬಹುಪಾಲನ್ನು ಓಝೋನ್ ಪದರವು ಹೀರಿಕೊಂಡರೂ ಒಂದಿಷ್ಟು ನೆಲವನ್ನು ಮುಟ್ಟುತ್ತದೆ. ಎ ಬಗೆಯವು ಹೆಚ್ಚಿನ ಅಡ್ಡಿಯಿಲ್ಲದೆ ಬರುತ್ತವೆ.

ಇವುಗಳಿಂದ ಕಣ್ಣಿಗೆ ಎರಡು ವಿಧದಲ್ಲಿ ಹಾನಿಯುಂಟು. ಹಿಮದ ಮೇಲೆ ಹಗಲೆಲ್ಲ ನಡೆದವರಿಗೂ ಮುಖಕ್ಕೆ ಮರೆಯಿಲ್ಲದೆ ಬೆಸುಗೆ ಹಾಕಿದವರಿಗೂ ಕೆಲವು ಗಂಟೆಗಳಲ್ಲೇ ಕಣ್ಣು ಕೆಂಪಾಗಿ, ಮರಳು ಹೊಕ್ಕಂತೆ ನೋಯುತ್ತದೆ. ಇದು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ವಾಸಿಯಾಗುತ್ತದೆ. ಎರಡನೆಯ ಹಾನಿ ನಿಧಾನವಾದದ್ದು, ನೋವಿಲ್ಲದ್ದು. ಆದುದರಿಂದಲೇ ಹೆಚ್ಚು ಕೇಡಿನದು. ಅಮೆರಿಕದ ಮೇರಿಲ್ಯಾಂಡಿನಲ್ಲಿ, ಚೆಸಪೀಕ್ ಕೊಲ್ಲಿಯ ನೀರಿನ ಮೇಲೆ ದುಡಿಯುವ 838 ಬೆಸ್ತರ ಕಣ್ಣುಗಳನ್ನು ವೈದ್ಯರು ಪರೀಕ್ಷಿಸಿ 1988ರಲ್ಲಿ ವರದಿಯನ್ನು ಪ್ರಕಟಿಸಿದರು. ಪ್ರತಿಯೊಬ್ಬನೂ ಎಷ್ಟು ವರ್ಷ ಬಿಸಿಲಿನಲ್ಲಿ ದುಡಿದನು, ಟೋಪಿ ಹಾಕುತ್ತಿದ್ದನೇ, ಕನ್ನಡಕ ಧರಿಸುತ್ತಿದ್ದನೇ ಎಂಬುದನ್ನೆಲ್ಲ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಜೀವಮಾನದಲ್ಲಿ ಕಣ್ಣಿಗೆ ಬಿದ್ದ ಬಿ ಬಗೆಯ ಕಿರಣಗಳ ಪ್ರಮಾಣವು ಇಮ್ಮಡಿಯಾದರೆ, ಕಣ್ಣಿನ ಮಸೂರದ ಹೊರಪದರದಲ್ಲಿ ಮೂಡುವ ಪೊರೆಯ ಸಂಭವವು 1.6 ಪಟ್ಟಾಗುತ್ತದೆಂದು ಆ ಲೆಕ್ಕದಿಂದ ತಿಳಿದುಬಂದಿತು.

ಹಾಗಾದರೆ ಕಪ್ಪು ಕನ್ನಡಕ ಹಾಕಿದರೆ ಸಾಕಲ್ಲವೇ? ಸಾಲದು. ಕಪ್ಪು ಬಣ್ಣವು ತಡೆಯುವುದು ಕಾಣುವ ಬೆಳಕನ್ನು. ಕಾಣದ ಕಿರಣವನ್ನು ತಡೆಯುವ ಗುಣವು ಮಸೂರದ ಪದಾರ್ಥದಲ್ಲಿಯೇ ಇರಬೇಕು, ಇಲ್ಲವೆ ಅದಕ್ಕೆಂದೇ ಬೆರೆಸಿದ ವಸ್ತುವಿನಲ್ಲಿರಬೇಕು. ಆ ಗುಣವಿಲ್ಲದ ಅಗ್ಗದ ಕಪ್ಪು ಕನ್ನಡಕವು ಏನೂ ಇಲ್ಲದಿರುವುದಕ್ಕಿಂತ ಕೆಟ್ಟದ್ದಾಗಬಹುದು. ಅದರ ಹಿಂದಿನ ಮಬ್ಬಿನಲ್ಲಿ ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಳ್ಳುತ್ತದೆ, ರೆಪ್ಪೆಗಳೂ ಕಿರಿದಾಗುವುದಿಲ್ಲ. ಅಗಲವಾದ ಬಾಗಿಲಿನಿಂದ ಅತಿನೇರಳೆ ಕಿರಣಗಳು ಸುಲಭವಾಗಿ ಒಳನುಗ್ಗುತ್ತವೆ.

ನೆರಳಿನಲ್ಲಿ ತಿಳಿಯಾಗಿದ್ದು ಬಿಸಿಲಿಗೆ ಬಂದೊಡನೆ ತಾನೇ ಕಪ್ಪಾಗುವ ಕನ್ನಡಕವೂ ಈ ಮಾತಿಗೆ ಹೊರತಲ್ಲ. ಇಂತಹ ಗಾಜನ್ನು ಅಮೆರಿಕದ ಕಾರ್ನಿಂಗ್ ಗಾಜಿನ ಕಾರ್ಖಾನೆಯ ವಿಜ್ಞಾನಿಗಳಾದ ವಿಲಿಯಂ ಆರ್ಮಿಸ್ಟೆಡ್ ಮತ್ತು ಡೊನಾಲ್ಡ್ ಸ್ಟೂಕಿ ಎಂಬುವರು ಕಂಡುಹಿಡಿದು 1964ರಲ್ಲಿ ವಿವರಿಸಿದರು. ಅವರು ಗಾಜಿನೊಳಗೆ ಅಡಗಿಸಿದ್ದು ಬೆಳ್ಳಿಯ ಲವಣದ ಅತಿಸೂಕ್ಷ್ಮ ಹರಳುಗಳನ್ನು. ಎಂದರೆ ರಿಟ್ಟರನ ಕಾಗದವನ್ನು ಕಪ್ಪಾಗಿಸಿದ ಜಾತಿಯ ಪದಾರ್ಥವನ್ನೇ. ಅತಿನೇರಳೆ ಕಿರಣ ತಗುಲಿದಾಗ ಲವಣವು ಒಡೆದು ಬೆಳ್ಳಿಯ ಪರಮಾಣುಗಳು ಬೇರ್ಪಡುತ್ತವೆ. ಅವು ಗುಂಪುಗೂಡಿ ಬೆಳಕನ್ನು ಹೀರುವುದರಿಂದ ಗಾಜು ಕಪ್ಪಾಗಿ ಕಾಣುತ್ತದೆ. ಛಾಯಾಚಿತ್ರದ ಫಿಲ್ಮಿನಲ್ಲಿಯೂ ಹೀಗೆಯೇ ಬೆಳ್ಳಿ ಬೇರ್ಪಡುತ್ತದೆ. ಅಲ್ಲಿ ಒಡೆದ ಭಾಗಗಳು ದೂರ ಸರಿದು ಹೋಗುವುದರಿಂದ ಆದ ಬದಲಾವಣೆ ಹಾಗೆಯೇ ನಿಲ್ಲುತ್ತದೆ. ಗಟ್ಟಿಯಾದ ಗಾಜಿನಲ್ಲಿಯಾದರೋ ಅವು ತಪ್ಪಿಸಿಕೊಳ್ಳಲಾರವು. ಕಿರಣ ನಿಂತೊಡನೆ, ಗಾಜಿನಲ್ಲಿ ಬೆರೆಸಿದ ಅತ್ಯಲ್ಪ ತಾಮ್ರದ ನೆರವಿನಿಂದ, ಮತ್ತೆ ಕೂಡಿಕೊಳ್ಳುತ್ತವೆ. ಸಾವಿರಾರು ಬಾರಿ ಕಪ್ಪಾಗಿ ತಿಳಿಯಾದರೂ ಇಂತಹ ಗಾಜು ದಣಿಯುವುದಿಲ್ಲ.

ಗಾಜು ಭಾರವಾದದ್ದು, ಬಿದ್ದರೆ ಒಡೆಯುವಂಥದು. ಕನ್ನಡಕಗಳಿಗೆ ಹಗುರವಾದ ಪ್ಲಾಸ್ಟಿಕ್ ಮಸೂರಗಳು ಬಂದ ಮೇಲೆ ಹೊಸ ಉಪಾಯವೊಂದು ಬೇಕಾಯಿತು. 1990ರ ದಶಕದ ಮೊದಲಿನಿಂದ ಬಳಕೆಗೆ ಬಂದ ಪ್ಲಾಸ್ಟಿಕ್ ಮಸೂರಗಳಲ್ಲಿ ಬೆಳ್ಳಿಯಿಲ್ಲ. ಇಂಗಾಲದಿಂದಾದ ದೊಡ್ಡ ಅಣುಗಳಿವೆ. ಅತಿನೇರಳೆ ಕಿರಣ ಬಿದ್ದಾಗ ಅಣುವಿನೊಳಗಿನ ಒಂದು ಬಂಧ ಬಿಚ್ಚಿ, ಮಡಿಸಿದ್ದ ಕೊಡೆ ತೆರೆದಂತೆ ಅಣು ಹರವಿಕೊಳ್ಳುತ್ತದೆ. ಹರವಿಕೊಂಡ ಅಣು ಕಾಣುವ ಬೆಳಕನ್ನು ಹೀರುತ್ತದೆ. ಮತ್ತೆ ಮಡಿಸಿಕೊಳ್ಳಲು ಅದಕ್ಕೆ ಶಾಖವೇ ಸಾಕು. ಇದರಿಂದ ಒಂದು ವಿಚಿತ್ರ ಉಂಟಾಗುತ್ತದೆ: ಹಿಮಾಲಯದ ಚಳಿಯಲ್ಲಿ ಕಡುಗಪ್ಪಾಗುವ ಮಸೂರವು ರಾಯಚೂರಿನ ಬೇಸಿಗೆಯ ನಡುಹಗಲಿನಲ್ಲಿ ಅಷ್ಟು ಕಪ್ಪಾಗುವುದಿಲ್ಲ. ತೆರೆದುಕೊಂಡ ಅಣುಗಳನ್ನು ಸೆಕೆಯು ಬೆನ್ನಟ್ಟಿ ಮಡಿಸುತ್ತಿರುತ್ತದೆ. ಹಾಗೆಯೇ ಮೋಟಾರು ಕಾರಿನ ಒಳಗೆ ಕುಳಿತಾಗಲೂ ಈ ಮಸೂರಗಳು ಬಹುಮಟ್ಟಿಗೆ ತಿಳಿಯಾಗಿಯೇ ಉಳಿಯುತ್ತವೆ. ಕಾರಿನ ಮುಂಗಾಜಿನ ನಡುವಣ ಪ್ಲಾಸ್ಟಿಕ್ ಪದರವು ಅತಿನೇರಳೆ ಕಿರಣಗಳನ್ನು ಮೊದಲೇ ತಡೆದಿರುತ್ತದೆ. ಅಣುಗಳನ್ನು ಎಬ್ಬಿಸಲು ಕಿರಣವೇ ಬಾರದು.

ಈ ಅಣುಗಳಿಗೆ ಗಾಜಿನಲ್ಲಿರುವ ಬೆಳ್ಳಿಯ ತಾಳಿಕೆಯಿಲ್ಲ. ದಿನವೂ ಬಿಚ್ಚಿ ಮಡಿಸಿಕೊಳ್ಳುವಾಗ, ಅವುಗಳಲ್ಲಿ ಕೆಲವು ಗಾಳಿಯ ಆಮ್ಲಜನಕದೊಡನೆ ಸೇರಿ ಶಾಶ್ವತವಾಗಿ ಕೆಡುತ್ತವೆ. ತಯಾರಕರು ರಕ್ಷಕ ವಸ್ತುಗಳನ್ನು ಬೆರೆಸಿ ಈ ಸವೆತವನ್ನು ನಿಧಾನಗೊಳಿಸಬಲ್ಲರೇ ಹೊರತು ನಿಲ್ಲಿಸಲಾರರು. ಎರಡು ಮೂರು ವರ್ಷ ಬಿಸಿಲುಂಡ ಮಸೂರದಲ್ಲಿ ಅದರ ಗುರುತು ಕಾಣತೊಡಗುತ್ತದೆ. ಬಿಸಿಲಿನಲ್ಲಿ ಮೊದಲಿನಷ್ಟು ಕಪ್ಪಾಗದು. ನೆರಳಿಗೆ ಬಂದರೂ ಪೂರ್ತಿ ತಿಳಿಯಾಗದೆ ಅರಿಸಿನದ ಛಾಯೆಯೊಂದು ಉಳಿದುಬಿಡುತ್ತದೆ.

ಇದನ್ನು ಕಂಡವರು ಕನ್ನಡಕದ ರಕ್ಷಣೆಯೇ ಮುಗಿಯಿತೆಂದು ಭಾವಿಸುವುದುಂಟು. ಇಲ್ಲಿಯೇ ತಿಳಿವಳಿಕೆ ತಪ್ಪುವುದು. ಮಸೂರವು ಕಪ್ಪಾಗುವುದು ಒಂದು ಕೆಲಸ. ಅತಿನೇರಳೆ ಕಿರಣವನ್ನು ತಡೆಯುವುದು ಬೇರೊಂದು ಕೆಲಸ. ಮೊದಲನೆಯದನ್ನು ಮಾಡುವವು ದಣಿಯುವ ಆ ಅಣುಗಳು. ಎರಡನೆಯದರ ಹೊರೆಯನ್ನು ಮುಖ್ಯವಾಗಿ ಹೊರುವುದು ಮಸೂರದ ಪ್ಲಾಸ್ಟಿಕ್ ಮತ್ತು ಅದರ ಮೈಯಲ್ಲೆಲ್ಲ ಬೆರೆತಿರುವ ಕಿರಣಹೀರುವ ವಸ್ತು. ಉದಾಹರಣೆಗೆ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ತನ್ನ ಸ್ವಭಾವದಿಂದಲೇ ಸುಮಾರು 380 ನ್ಯಾನೊಮೀಟರಿನವರೆಗಿನ ಕಿರಣಗಳನ್ನು ತಡೆಯುತ್ತದೆ. ಅದಕ್ಕೆ ಬಣ್ಣದ ಹಂಗಿಲ್ಲ. ಆದುದರಿಂದ ಒಳ್ಳೆಯ ಮಸೂರವು ಮನೆಯೊಳಗೆ ತಿಳಿಯಾಗಿರುವಾಗಲೂ, ಹಳತಾಗಿ ಕಪ್ಪಾಗುವುದನ್ನು ಮರೆತಾಗಲೂ ಅತಿನೇರಳೆ ಕಿರಣಗಳನ್ನು ತಡೆಯುತ್ತಲೇ ಇರುತ್ತದೆ. ಆಗ ಕಳೆದುಹೋಗುವುದು ಮುಖ್ಯವಾಗಿ ಕಣ್ಣು ಕುಕ್ಕುವ ಬೆಳಕಿನಿಂದ ದೊರೆಯುತ್ತಿದ್ದ ನೆಮ್ಮದಿ. ಅದೂ ಸಣ್ಣ ನಷ್ಟವೇನಲ್ಲ, ನಿಜ. ಆದರೆ ಅದು ಬೇರೆಯ ನಷ್ಟ. ಕಿರಣಹೀರುವ ವಸ್ತುವು ಮಸೂರದ ಮೈಯಲ್ಲಿರದೆ ಮೇಲಿನ ಲೇಪನದಲ್ಲಿ ಮಾತ್ರ ಇದ್ದರೆ ಮಾತು ಬೇರೆ. ಲೇಪನ ಸುಲಿದ ಕಡೆ ರಕ್ಷಣೆಯೂ ಸುಲಿದಂತೆಯೇ.

ಇದಕ್ಕೆ ಎದುರಾದ ತಪ್ಪೂ ಉಂಟು. ಹೊಸ ಮಸೂರದ ಅರ್ಧಭಾಗವನ್ನು ಕಾಗದದಿಂದ ಮುಚ್ಚಿ ಬಿಸಿಲಿನಲ್ಲಿಟ್ಟು, ಉಳಿದರ್ಧ ಕಪ್ಪಾಯಿತೆಂದು ತೋರಿಸಿದರೆ ಕೊಳ್ಳುವವರಿಗೆ ತೃಪ್ತಿಯಾಗುತ್ತದೆ. ಆ ಪರೀಕ್ಷೆಯಿಂದ ತಿಳಿಯುವುದು ಅಣುಗಳು ಚುರುಕಾಗಿವೆಯೆಂಬುದು ಮಾತ್ರ. ಅತಿನೇರಳೆ ಕಿರಣ ಎಷ್ಟು ಒಳಹೋಗುತ್ತದೆಂಬುದನ್ನು ಅಳೆಯಲು ಬೇರೆ ಉಪಕರಣವಿದೆ. ಅದರ ಒಂದು ಕಡೆ ಅತಿನೇರಳೆ ಬೆಳಕಿನ ದೀಪ, ಇನ್ನೊಂದು ಕಡೆ ಕಿರಣವನ್ನು ಗುರುತಿಸುವ ಅಳಕ. ನಡುವೆ ಮಸೂರವನ್ನು ಹಿಡಿದರೆ ಅಂಕಿ ತಾನೇ ಹೇಳುತ್ತದೆ. ಅನೇಕ ಕನ್ನಡಕದ ಅಂಗಡಿಗಳಲ್ಲಿ ಇದು ಇರುತ್ತದೆ. ಹಳೆಯ ಮಸೂರವನ್ನೂ ಇದರಲ್ಲಿಟ್ಟು ನೋಡಬಹುದು.

ಮಸೂರವು ಎಷ್ಟೇ ಚೆನ್ನಾಗಿದ್ದರೂ ಅದು ತಡೆಯುವುದು ತನ್ನ ಮೂಲಕ ಹಾಯುವ ಕಿರಣಗಳನ್ನಷ್ಟೆ. ನೀರು, ಮರಳು, ಹಿಮಗಳಿಂದ ಚಿಮ್ಮಿದ ಕಿರಣಗಳು ಚೌಕಟ್ಟಿನ ಪಕ್ಕದಿಂದಲೂ ಮೇಲಿನಿಂದಲೂ ಕಣ್ಣನ್ನು ಸೇರುತ್ತವೆ. ಮಸೂರದ ಒಳಮೈಗೆ ತಾಗಿ ಕಣ್ಣಿನತ್ತ ತಿರುಗುವ ಕಿರಣಗಳೂ ಇಲ್ಲದಿಲ್ಲ. ಚೆಸಪೀಕ್ ಕೊಲ್ಲಿಯ ಬೆಸ್ತರನ್ನು ಪರೀಕ್ಷಿಸಿದ ವೈದ್ಯರು ಕನ್ನಡಕದೊಡನೆ ಟೋಪಿಯ ವಿಷಯವನ್ನೂ ಕೇಳಿ ಬರೆದುಕೊಂಡದ್ದು ಇದಕ್ಕಾಗಿಯೇ.